ಶಿಬಿರದ ಮಕ್ಕಳು ಮತ್ತು ಸಿಮ್‌ಸಿಮ್ ಬಾಗಿಲು

ಅಲಿಬಾಬಾ ಮತ್ತು ನಲವತ್ತು ಕಳ್ಳರ ಕಥೆ ಕೇಳದೆ ಬೆಳೆದವರು ನಮ್ಮಲ್ಲಿ ಕಡಿಮೆ. ಉರ್ದು ಶಾಲೆಯಲ್ಲಿ ಕಲಿತವರಿಗೆ ಅದು 'ಖುಲ್ ಜಾ ಸಿಮ್‌ಸಿಮ್'. ಕನ್ನಡಕ್ಕೆ ಅದು ಇಂಗ್ಲಿಷಿನ ದಾರಿಯಾಗಿ ಬಂತು. ಹಾಗೆ ಬರುವಷ್ಟರಲ್ಲಿ ಸಿಮ್‌ಸಿಮ್ ಹೋಗಿ 'ಸೇಸಮ್ಮ'ಳಾಗಿ, ಕೂಗಿದರೆ ಬಾಗಿಲು ತೆಗೆಯುವ ಪಕ್ಕದ ಮನೆಯ ಹೆಂಗಸೇ ಆಗಿಬಿಟ್ಟಿದ್ದಳು. ಅರಬಿಯಲ್ಲಿ ಸಿಮ್‌ಸಿಮ್ ಎಂದರೆ ಎಳ್ಳು, ಅಷ್ಟೇ. ಒಣಗಿದ ಎಳ್ಳಿನ ಕಾಯಿ ತಾನಾಗಿಯೇ ಬಿರಿಯುತ್ತದೆ, ಅದರಿಂದಲೇ ಬಾಗಿಲು ತೆರೆಯುವ ಮಂತ್ರಕ್ಕೆ ಆ ಹೆಸರು ಬಂತೆಂದು ಹೇಳುವವರೂ ಇದ್ದಾರೆ.

ಈ ಕಥೆ ಸಾವಿರದೊಂದು ರಾತ್ರಿಗಳ ಹಳೆಯ ಅರಬಿ ಹಸ್ತಪ್ರತಿಗಳಲ್ಲಿ ಇಲ್ಲ ಎಂಬುದು ಬಹಳ ಜನರಿಗೆ ತಿಳಿಯದು. ಅದನ್ನು ಹೇಳಿದವನು ಹನ್ನಾ ದಿಯಾಬ್ ಎಂಬ ಯುವಕ. ಸಿರಿಯದ ಹಲಬ್, ಅಂದರೆ ಈಗ ಪತ್ರಿಕೆಗಳಲ್ಲಿ ನಾವು ಅಲೆಪ್ಪೊ ಎಂದು ಓದುವ ಊರಿನವನು, ಮರೋನೈಟ್ ಕ್ರೈಸ್ತ. ಫ್ರೆಂಚ್ ಪ್ರವಾಸಿಯೊಬ್ಬನ ಸಹಾಯಕನಾಗಿ ಪ್ಯಾರಿಸ್ ತಲುಪಿದ ಆತ 1709ರಲ್ಲಿ ಅಂತ್ವಾನ್ ಗಾಲಾಂ ಎಂಬ ವಿದ್ವಾಂಸನಿಗೆ ಒಂದೊಂದಾಗಿ ಹೇಳಿದ ಕಥೆಗಳಲ್ಲಿ ಅಲ್ಲಾವುದ್ದೀನನ ದೀಪವೂ ಇತ್ತು, ಅಲಿಬಾಬಾನ ಗುಹೆಯೂ ಇತ್ತು. ಗಾಲಾಂ ಅವನ್ನು ಫ್ರೆಂಚಿನಲ್ಲಿ ಬರೆದು ತನ್ನ ಸಂಪುಟಗಳಿಗೆ ಸೇರಿಸಿದ. ಕಥೆ ಹೇಳಿದವನ ಹೆಸರು ಪುಸ್ತಕದಲ್ಲಿ ಬರಲಿಲ್ಲ. ದಿಯಾಬ್ ಊರಿಗೆ ಮರಳಿ ಬಟ್ಟೆ ವ್ಯಾಪಾರ ಮಾಡಿದ. ಮುಪ್ಪಿನಲ್ಲಿ ಆತ ಬರೆದಿಟ್ಟ ಪ್ರವಾಸದ ನೆನಪುಗಳು ಇನ್ನೂರು ವರ್ಷಕ್ಕೂ ಹೆಚ್ಚು ಕಾಲ ಬೆಳಕಿಗೆ ಬಾರದೆ ಬಿದ್ದಿದ್ದವು.

ಹಲಬ್‌ನಿಂದ ಹೊರಟ ಆ ಒಂದು ಪದ ಮುನ್ನೂರು ವರ್ಷಗಳಲ್ಲಿ ಲೋಕವನ್ನು ಸುತ್ತಿ, ಹಲಬ್‌ನಿಂದಲೇ ಓಡಿಹೋಗಬೇಕಾಗಿ ಬಂದ ಮಕ್ಕಳ ಬಳಿಗೆ ಮತ್ತೆ ಹೇಗೆ ಬಂತು ಎಂಬುದನ್ನು ಇಲ್ಲಿ ಹೇಳಬೇಕೆಂದಿದ್ದೇವೆ. ಯುದ್ಧ, ವಲಸೆ, ರೋಗಗಳ ನಡುವೆ ಸಿಕ್ಕಿಬಿದ್ದ ಸಣ್ಣ ಮಕ್ಕಳಿಗೆ ರೇಡಿಯೊ, ಟಿ.ವಿ., ಮೊಬೈಲ್‌ಗಳ ಮೂಲಕ ಕಲಿಸುವ ಪ್ರಯತ್ನದ ಚರಿತ್ರೆಯಲ್ಲಿ ಈ ಪದಕ್ಕೆ ದೊಡ್ಡ ಪಾಲಿದೆ.

ಪ್ರಯತ್ನ ಶುರುವಾದದ್ದು ಟಿ.ವಿ.ಯಿಂದಲ್ಲ. ಎರಡನೆಯ ಮಹಾಯುದ್ಧ ಮುಗಿದ ಮೇಲೆ ಯೆಲ್ಲಾ ಲೆಪ್‌ಮನ್ ಎಂಬ ಜರ್ಮನ್ ಯಹೂದಿ ಮಹಿಳೆ, ಹಿಟ್ಲರನ ಕಾಲದಲ್ಲಿ ಇಂಗ್ಲೆಂಡಿಗೆ ಓಡಿಹೋಗಿದ್ದವರು, ಅಮೆರಿಕದ ಸೇನೆಯ ಸಲಹೆಗಾರರಾಗಿ ಹಾಳುಬಿದ್ದ ಜರ್ಮನಿಗೆ ಮರಳಿದರು. ಮಹಿಳೆಯರ ಮತ್ತು ಮಕ್ಕಳ ವಿಷಯ ಅವರ ಪಾಲಿಗೆ ಬಂದಿತ್ತು. ಮಕ್ಕಳಿಗೆ ರೊಟ್ಟಿಯ ಜೊತೆಗೆ ಪುಸ್ತಕವೂ ಬೇಕೆಂದು ಹಟ ಹಿಡಿದು, ನಿನ್ನೆಯವರೆಗೆ ಶತ್ರುಗಳಾಗಿದ್ದ ದೇಶಗಳಿಗೆಲ್ಲ ಪತ್ರ ಬರೆದು, 1946ರಲ್ಲಿ ಮ್ಯೂನಿಕ್‌ನಲ್ಲಿ ಮಕ್ಕಳ ಪುಸ್ತಕಗಳ ಪ್ರದರ್ಶನ ಏರ್ಪಡಿಸಿದರು. ಪ್ರದರ್ಶನದ ಪುಸ್ತಕಗಳನ್ನು ಮಕ್ಕಳಿಗೆ ಕೊಡುವಂತಿರಲಿಲ್ಲ. ಹಾಗಾಗಿ ಕಾದಾಡಲು ಒಲ್ಲದ ಹೋರಿಯೊಂದರ ಕಥೆಯನ್ನು ತಾವೇ ಜರ್ಮನ್ ಭಾಷೆಗೆ ತಂದು, ಪತ್ರಿಕೆಯ ಅಗ್ಗದ ಕಾಗದದಲ್ಲಿ ಮೂವತ್ತು ಸಾವಿರ ಪ್ರತಿ ಮುದ್ರಿಸಿ ಹಂಚಿದರು. ಇಂದು ಮಾನವೀಯ ನೆರವಿನ ಸಂಸ್ಥೆಗಳು ದೊಡ್ಡ ದೊಡ್ಡ ವರದಿಗಳಲ್ಲಿ ಬರೆಯುವ ಮಾತನ್ನು ಆ ಮಹಿಳೆ ಆಗಲೇ ಮಾಡಿ ತೋರಿಸಿದ್ದರು ಎಂದು ನಮಗನ್ನಿಸುತ್ತದೆ.

ಟಿ.ವಿ.ಯ ಕಥೆ ನ್ಯೂಯಾರ್ಕ್‌ನಲ್ಲಿ ಆರಂಭವಾಗುತ್ತದೆ. ಜಾಹೀರಾತಿನ ಹಾಡುಗಳನ್ನು ಮಕ್ಕಳು ಇಷ್ಟು ಬೇಗ ಬಾಯಿಪಾಠ ಮಾಡುವುದಾದರೆ ಅಕ್ಷರ, ಅಂಕಿಗಳನ್ನೂ ಹಾಗೆಯೇ ಕಲಿಸಬಾರದೇಕೆ ಎಂಬುದು ಜೋನ್ ಗ್ಯಾಂಜ್ ಕೂನಿ ಮತ್ತು ಅವರ ಗೆಳೆಯರ ಪ್ರಶ್ನೆ. ಶಾಲೆಗೆ ಸೇರುವ ಮೊದಲೇ ಹಿಂದೆ ಬೀಳುತ್ತಿದ್ದ ಬಡ ಕೇರಿಗಳ ಮಕ್ಕಳು, ಅದರಲ್ಲೂ ಕರಿಯರ ಮಕ್ಕಳು, ಅವರ ಕಣ್ಣ ಮುಂದಿದ್ದರು. 1969ರ ನವೆಂಬರ್ 10ರಂದು 'ಸೆಸಮಿ ಸ್ಟ್ರೀಟ್' ಪ್ರಸಾರವಾಯಿತು. ಹೆಸರು ಬಂದದ್ದು ಅಲಿಬಾಬಾನ ಗುಹೆಯ ಬಾಗಿಲಿನಿಂದ. ಜಿಮ್ ಹೆನ್ಸನ್‌ರ ಬೊಂಬೆಗಳು ಜಗತ್ಪ್ರಸಿದ್ಧವಾದವು. ನಮಗೆ ಅದಕ್ಕಿಂತ ಮುಖ್ಯವಾಗಿ ಕಾಣುವುದು ಅವರ ಕೆಲಸದ ಕ್ರಮ. ಕಾರ್ಯಕ್ರಮದ ತುಣುಕನ್ನು ಒಂದು ಮಗುವಿಗೆ ತೋರಿಸುತ್ತಾರೆ. ಪಕ್ಕದಲ್ಲೇ ಇನ್ನೊಂದು ಪರದೆಯ ಮೇಲೆ ಬೇರೆ ಬೇರೆ ಚಿತ್ರಗಳು ಬದಲಾಗುತ್ತಿರುತ್ತವೆ. ಮಗುವಿನ ಕಣ್ಣು ಯಾವ ಕ್ಷಣ ಅತ್ತ ಸರಿಯಿತು ಎಂದು ಒಬ್ಬರು ಗುರುತು ಹಾಕಿಕೊಳ್ಳುತ್ತಾರೆ. ಕಣ್ಣು ಸರಿದ ತುಣುಕು ಸೋತ ತುಣುಕು, ಅದನ್ನು ಮತ್ತೆ ಮಾಡಬೇಕು. ನಮ್ಮ ಕಥೆಗಾರರಿಗೂ ಇಂಥದೊಂದು ಪರೀಕ್ಷೆ ಇದ್ದಿದ್ದರೆ ಎಷ್ಟೋ ಕಾಗದ ಉಳಿಯುತ್ತಿತ್ತು!

ಹತ್ತು ವರ್ಷಗಳ ನಂತರ, 1979ರಲ್ಲಿ, ಆ ಪದ ಅರಬ್ ನೆಲಕ್ಕೆ ಮರಳಿತು. ಕುವೈತ್‌ನಲ್ಲಿ ತಯಾರಾದ 'ಇಫ್ತಹ್ ಯಾ ಸಿಮ್‌ಸಿಮ್', ಎಂದರೆ 'ತೆರೆ ಸಿಮ್‌ಸಿಮ್', ಕೊಲ್ಲಿಯಿಂದ ಹಿಡಿದು ಅರಬಿ ಮಾತಾಡುವ ಬಹುತೇಕ ದೇಶಗಳಲ್ಲಿ ಪ್ರಸಾರವಾಯಿತು. ಕೊಲ್ಲಿಯ ಏಳು ದೇಶಗಳು ಸೇರಿ ಕಟ್ಟಿದ್ದ ಜಂಟಿ ಸಂಸ್ಥೆಯ ನಿರ್ಮಾಣವಿದು. ನುಅಮಾನ್ ಎಂಬ ದೊಡ್ಡ ಒಂಟೆ, ಮಲ್ಸೂನ್ ಎಂಬ ಗಿಣಿ ಒಂದು ತಲೆಮಾರಿನ ಅರಬ್ ಮಕ್ಕಳಿಗೆ ಮನೆಯವರೇ ಆದರು.

ಆರಂಭದಲ್ಲಿ ಅವರನ್ನು ಕಾಡಿದ್ದು ಭಾಷೆಯ ಪ್ರಶ್ನೆ. ಅದು ನಮ್ಮ ಓದುಗರಿಗೆ ಚೆನ್ನಾಗಿ ಅರ್ಥವಾಗುವ ಪ್ರಶ್ನೆ. ಮೊರಾಕೊದ ಅರಬಿ ಇರಾಕಿನ ಮಗುವಿಗೆ ತಿಳಿಯದು, ಈಜಿಪ್ತಿನ ಮಾತು ಬೇರೆ, ಒಮಾನಿನದು ಬೇರೆ. ಪುಸ್ತಕದ ಅರಬಿಯಾದ ಫುಸ್‌ಹಾ ಎಲ್ಲರದೂ ಹೌದು, ಆದರೆ ಯಾವ ತಾಯಿಯೂ ಆ ಭಾಷೆಯಲ್ಲಿ ಮಗುವನ್ನು ಮಲಗಿಸುವುದಿಲ್ಲ. ನಮ್ಮಲ್ಲೂ ಮನೆಯಲ್ಲಿ ದಖ್ಖನಿ, ಶಾಲೆಯಲ್ಲಿ ಉರ್ದು, ಬೀದಿಯಲ್ಲಿ ಕನ್ನಡ. ಕರಾವಳಿಗೆ ಹೋದರೆ ಬ್ಯಾರಿ, ನವಾಯತಿ. ಆರು ವರ್ಷದ ಮಗು ಶಾಲೆಯ ಮೊದಲ ದಿನ ಬಾಯಿ ಕಟ್ಟಿದಂತೆ ಕೂರುವುದನ್ನು ನಾವೆಲ್ಲ ನೋಡಿದ್ದೇವೆ. ನಾಲ್ಕು ವರ್ಷದ ಮಗುವಿಗೆ ಫುಸ್‌ಹಾ ಹೇಗೆ ತಿಳಿದೀತು ಎಂದು ಸಂಶಯ ಪಟ್ಟವರು ಅಲ್ಲಿ ಬಹಳವಿದ್ದರು. ಕೊನೆಗೆ ಸರಳಗೊಳಿಸಿದ ಫುಸ್‌ಹಾವನ್ನೇ ಆರಿಸಿಕೊಂಡರು. ಮಕ್ಕಳು ಅದನ್ನು ಹಿಡಿದುಕೊಂಡರು, ಆಟದಲ್ಲಿ ಬೊಂಬೆಗಳಂತೆಯೇ ಮಾತಾಡತೊಡಗಿದರು. ಭಾಷೆ ಕಠಿಣವೆಂದು ನಾವು ಮಕ್ಕಳ ಮೇಲೆ ಹೊರಿಸುವ ಆರೋಪ ಎಷ್ಟೋ ಸಲ ಹೇಳುವವನ ಸೋಲಷ್ಟೇ ಆಗಿರುತ್ತದೆ.

ಆ ಮಕ್ಕಳು ಬೆಳೆದ ಕಾಲ ಶಾಂತಿಯದಾಗಿರಲಿಲ್ಲ. ಲೆಬನಾನ್ 1975ರಿಂದ 1990ರವರೆಗೆ ಅಂತರ್ಯುದ್ಧದಲ್ಲಿ ಬೇಯುತ್ತಿತ್ತು. ಇರಾನ್ ಮತ್ತು ಇರಾಕ್ ಎಂಟು ವರ್ಷ ಹೊಡೆದಾಡಿದವು. ಇದರಲ್ಲಿ ಒಂದು ವಿಪರ್ಯಾಸವಿದೆ. 'ಇಫ್ತಹ್ ಯಾ ಸಿಮ್‌ಸಿಮ್' ಮಾಡಿದ ಏಳು ದೇಶಗಳ ಸಂಸ್ಥೆಯಲ್ಲಿ ಕುವೈತ್ ಇದ್ದಂತೆ ಇರಾಕ್ ಕೂಡ ಸದಸ್ಯ. 1990ರ ಆಗಸ್ಟ್‌ನಲ್ಲಿ ಒಬ್ಬ ಸದಸ್ಯನ ಟ್ಯಾಂಕುಗಳು ಇನ್ನೊಬ್ಬ ಸದಸ್ಯನ ರಾಜಧಾನಿಗೆ ನುಗ್ಗಿದವು. ಕೊಲ್ಲಿಯಲ್ಲಿ ದುಡಿಯುತ್ತಿದ್ದ ನಮ್ಮ ಕರಾವಳಿಯ ಕುಟುಂಬಗಳೂ ಮಕ್ಕಳನ್ನು ಎತ್ತಿಕೊಂಡು ಅಮ್ಮಾನ್‌ವರೆಗೆ ಬಂದು ವಿಮಾನಕ್ಕಾಗಿ ಕಾದು ಕೂತ ದಿನಗಳವು. ಸಿಮ್‌ಸಿಮ್ ಬೀದಿ ಮುಚ್ಚಿಹೋಯಿತು. ಅದು ಅಬುಧಾಬಿಯಲ್ಲಿ ಮತ್ತೆ ತೆರೆದದ್ದು 2015ರಲ್ಲಿ.

ಈ ನಡುವೆ ಆ ಪದ ಫೆಲೆಸ್ತೀನ್‌ಗೆ ಹೋಯಿತು. ಓಸ್ಲೊ ಒಪ್ಪಂದದ ನಂತರ, 1998ರಲ್ಲಿ, ಇಸ್ರೇಲಿಗಳೂ ಫೆಲೆಸ್ತೀನಿಯರೂ ಸೇರಿ ಒಂದೇ ಕಾರ್ಯಕ್ರಮ ಮಾಡಿದರು. ಒಂದೇ ಬೀದಿಯಲ್ಲಿ ಎರಡೂ ಕಡೆಯ ಬೊಂಬೆಗಳು ವಾಸಿಸಬೇಕೆಂಬುದು ಮೊದಲ ಯೋಚನೆ. ಅಂಥ ಬೀದಿ ಯಾರದು ಎಂಬ ಪ್ರಶ್ನೆಗೆ ಉತ್ತರವಿರಲಿಲ್ಲ. ಆದ್ದರಿಂದ ಎರಡು ಬೀದಿಗಳಾದವು. ಕರೀಮ್ ಎಂಬ ಹುಂಜ, ಹನೀನ್ ಎಂಬ ಪುಟ್ಟ ಹುಡುಗಿ ಫೆಲೆಸ್ತೀನ್ ಬೀದಿಯವರು. ಕಿಪಿ ಎಂಬ ಮುಳ್ಳುಹಂದಿ ಆಚೆಯವನು. ಒಬ್ಬರ ಬೀದಿಗೆ ಇನ್ನೊಬ್ಬರು ಹೋಗಬೇಕಾದರೆ ಕಥೆಯಲ್ಲಿ ಅದಕ್ಕೊಂದು ಕಾರಣ ಹುಟ್ಟಿಸಬೇಕಾಗಿತ್ತು. ಕಥೆ ಬರೆಯುವವರಿಗೆ ಇದು ಎಂಥ ಕಷ್ಟವೆಂದು ಗೊತ್ತು. ಸುಮ್ಮನೆ ನೆರೆಯವನ ಮನೆಗೆ ಹೋಗಿ ಬರಲೂ ಒಂದು ನೆಪ ಬೇಕಾದ ನೆಲ ಅದು, ಕಥೆ ಅದನ್ನು ಮರೆಮಾಚಲಾರದು.

ಎರಡನೆಯ ಇಂತಿಫಾದಾ ಆರಂಭವಾದ ಮೇಲೆ ಹೋಗಿಬರುವ ಮಾತೂ ನಿಂತಿತು. 2002ರಲ್ಲಿ ಇಸ್ರೇಲಿ ಸೇನೆ ರಾಮಲ್ಲಾಕ್ಕೆ ನುಗ್ಗಿದಾಗ ಆ ಕಾರ್ಯಕ್ರಮ ತಯಾರಾಗುತ್ತಿದ್ದ ಟಿ.ವಿ. ಕೇಂದ್ರವೂ ಉಳಿಯಲಿಲ್ಲ, ಅಲ್ಲಿನ ಉಪಕರಣಗಳು ಹಾಳಾದವು. ಫೆಲೆಸ್ತೀನಿಯರು ಬಿಡಲಿಲ್ಲ. 'ಶಾರಆ ಸಿಮ್‌ಸಿಮ್' ಎಂಬ ಹೆಸರಿನಲ್ಲಿ ತಮ್ಮ ಮಕ್ಕಳಿಗಾಗಿಯೇ ಮುಂದುವರಿಸಿದರು. ಹಣ ಬರುತ್ತಿದ್ದುದು ಅಮೆರಿಕದ ನೆರವಿನಿಂದ. ಫೆಲೆಸ್ತೀನ್ ವಿಶ್ವಸಂಸ್ಥೆಯ ಸದಸ್ಯತ್ವ ಕೇಳಿತೆಂಬ ಸಿಟ್ಟಿಗೆ ಅಮೆರಿಕದ ಕಾಂಗ್ರೆಸ್ ನೆರವು ತಡೆಹಿಡಿದಾಗ, 2012ರ ಕಂತುಗಳು ತಯಾರಾಗಲೇ ಇಲ್ಲ. ಸದಸ್ಯತ್ವಕ್ಕೆ ಅರ್ಜಿ ಹಾಕಿದವರು ರಾಜಕಾರಣಿಗಳು, ಹುಂಜವನ್ನು ಕಳೆದುಕೊಂಡವರು ಮಕ್ಕಳು.

ಅಫಘಾನಿಸ್ತಾನದ ಮಾತನ್ನು ಬೇಗ ಹೇಳಿ ಮುಂದೆ ಹೋಗುತ್ತೇವೆ. ಅಲ್ಲಿ 2011ರಲ್ಲಿ 'ಬಾಗ್ಚೆ ಸಿಮ್‌ಸಿಮ್' ದರಿ ಮತ್ತು ಪಶ್ತೊ ಭಾಷೆಗಳಲ್ಲಿ ಬಂತು. 2016ರಲ್ಲಿ ಅದಕ್ಕೆ ಝರಿ ಎಂಬ ಆರು ವರ್ಷದ ಹುಡುಗಿ ಬಂದಳು, ಮರುವರ್ಷ ಅವಳ ತಮ್ಮ ಝೀರಕ್. ಅಕ್ಕ ಶಾಲೆಗೆ ಹೋಗುವುದನ್ನು ನೋಡಿ ತಮ್ಮ ಹೆಮ್ಮೆಪಡುತ್ತಾನೆ, ಅದೇ ಅದರ ತಿರುಳು. 2021ರಲ್ಲಿ ತಾಲಿಬಾನ್ ಮರಳಿದ ಮೇಲೆ ಆರನೆಯ ತರಗತಿಯ ಆಚೆ ಹುಡುಗಿಯರಿಗೆ ಶಾಲೆಯ ಬಾಗಿಲು ಮುಚ್ಚಿತು. ಓದನ್ನು ಕಡ್ಡಾಯವೆಂದು ಸಾರಿದ ಧರ್ಮದ ಹೆಸರಿನಲ್ಲಿ ಇದು ನಡೆಯುತ್ತಿದೆ ಎಂಬುದು ನಮಗೆ ನುಂಗಲಾರದ ತುತ್ತು.

ಈಗ ಸಿರಿಯಕ್ಕೆ ಬರೋಣ. 2011ರಲ್ಲಿ ಆರಂಭವಾದ ಯುದ್ಧದಿಂದ ಐವತ್ತು ಲಕ್ಷಕ್ಕೂ ಹೆಚ್ಚು ಜನ ಟರ್ಕಿ, ಲೆಬನಾನ್, ಜೋರ್ಡಾನ್, ಇರಾಕ್‌ಗಳಿಗೆ ಓಡಿದರು. 2016ರ ಡಿಸೆಂಬರ್ ಹೊತ್ತಿಗೆ ಹನ್ನಾ ದಿಯಾಬ್‌ನ ಹಲಬ್‌ನ ಪೂರ್ವ ಭಾಗ ಕಲ್ಲುರಾಶಿಯಾಗಿತ್ತು. ಗುಡಾರ, ಹಿಟ್ಟು, ಲಸಿಕೆ, ಕಂಬಳಿ ಇವೆಲ್ಲ ನೆರವಿನ ಪಟ್ಟಿಯಲ್ಲಿದ್ದವು. ಶಿಕ್ಷಣಕ್ಕೆ ಆ ಪಟ್ಟಿಯ ಕೊನೆಯಲ್ಲಿ ಸ್ವಲ್ಪ ಜಾಗ, ಅದರೊಳಗೂ ಶಾಲೆ ಸೇರದ ಚಿಕ್ಕ ಮಕ್ಕಳಿಗೆ ಏನೂ ಇಲ್ಲವೆಂಬಷ್ಟು ಕಡಿಮೆ. ಎರಡು ಮೂರು ವರ್ಷದ ಮಗುವಿಗೆ ಯುದ್ಧ ಏನು ತಿಳಿಯುತ್ತದೆ, ಮರೆತುಬಿಡುತ್ತದೆ ಎಂದು ದೊಡ್ಡವರು ಅಂದುಕೊಳ್ಳುತ್ತಾರೆ. ಮಿದುಳಿನ ಬಗ್ಗೆ ತಿಳಿದವರು ಹೇಳುವುದು ಇದಕ್ಕೆ ವಿರುದ್ಧ. ಮಿದುಳು ಅತಿ ವೇಗವಾಗಿ ಬೆಳೆಯುವ ವರ್ಷಗಳೇ ಅವು. ಸದಾ ಹೆದರಿಕೆಯಲ್ಲಿರುವ ಮಗುವಿನ ಮೈ ಅಪಾಯ ಮುಗಿದ ಮೇಲೂ ಅಪಾಯದಲ್ಲಿದ್ದಂತೆಯೇ ವರ್ತಿಸುತ್ತದೆ. ನಿದ್ದೆ, ಗಮನ, ಕಲಿಕೆ ಎಲ್ಲವೂ ಕೆಡುತ್ತವೆ. ಹಾಗೆ ಆಗದಂತೆ ಕಾಯುವುದು ಪಕ್ಕದಲ್ಲಿರುವ ಒಬ್ಬ ದೊಡ್ಡವರ ನೆಮ್ಮದಿ. ಆದರೆ ಮನೆ, ಗಂಡ, ಊರು ಕಳೆದುಕೊಂಡು ಗುಡಾರದಲ್ಲಿ ಕುಳಿತ ತಾಯಿ ಆ ನೆಮ್ಮದಿಯನ್ನು ಎಲ್ಲಿಂದ ತರಬೇಕು?

2017ರ ಡಿಸೆಂಬರ್‌ನಲ್ಲಿ ಅಮೆರಿಕದ ಮೆಕಾರ್ಥರ್ ಪ್ರತಿಷ್ಠಾನ ಈ ಕೆಲಸಕ್ಕೆ ಹತ್ತು ಕೋಟಿ ಡಾಲರ್ ಕೊಟ್ಟಿತು. ಹಣ ಪಡೆದದ್ದು ಸೆಸಮಿ ವರ್ಕ್‌ಶಾಪ್ ಮತ್ತು ಇಂಟರ್‌ನ್ಯಾಷನಲ್ ರೆಸ್ಕ್ಯೂ ಕಮಿಟಿ. ಅದರಿಂದ 2020ರ ಫೆಬ್ರವರಿಯಲ್ಲಿ 'ಅಹ್ಲನ್ ಸಿಮ್‌ಸಿಮ್' ಪ್ರಸಾರವಾಯಿತು. 'ಬಾ ಸಿಮ್‌ಸಿಮ್, ಸ್ವಾಗತ' ಎಂದು ಅರ್ಥ ಮಾಡಿಕೊಳ್ಳಬಹುದು. ತಯಾರಾದದ್ದು ಅಮ್ಮಾನ್‌ನಲ್ಲಿ. ಕುರ್ದಿ ಭಾಷೆಯಲ್ಲೂ ಬಂತು. ಬಸ್ಮಾ ಎಂಬ ನೇರಳೆ ಬಣ್ಣದ ಹುಡುಗಿ, ಅವಳ ಗೆಳೆಯ ಹಳದಿ ಬಣ್ಣದ ಜಾದ್, ಜೊತೆಗೆ ಮಅಝೂಝಾ ಎಂಬ ಮೇಕೆಮರಿ. ಜಾದ್ ಆ ಓಣಿಗೆ ಹೊಸಬ, ಬೇರೆಲ್ಲಿಂದಲೋ ಬಂದವನು. ತನ್ನ ಆಟಿಕೆಗಳನ್ನು ಬಿಟ್ಟು ಬಂದಿದ್ದಾನೆ, ಅಜ್ಜ ಕೊಟ್ಟ ಬಣ್ಣದ ಕುಂಚವೊಂದು ಅವನಿಗೆ ಬಲು ಪ್ರೀತಿ. ಅವನು ಎಲ್ಲಿಂದ ಬಂದ, ಏಕೆ ಬಂದ ಎಂದು ಯಾರೂ ಕೇಳುವುದಿಲ್ಲ. 'ನಿರಾಶ್ರಿತ' ಎಂಬ ಪದವನ್ನು ಅವನ ಮೇಲೆ ಅಂಟಿಸುವುದಿಲ್ಲ. ಶಿಬಿರದ ಮಗು ತನ್ನನ್ನು ಗುರುತಿಸಿಕೊಳ್ಳುತ್ತದೆ, ಸ್ಥಳೀಯರ ಮಗು ಹೊಸ ಗೆಳೆಯನನ್ನು ಕಾಣುತ್ತದೆ. ಹೇಳದೆ ಬಿಟ್ಟದ್ದರಿಂದಲೇ ಕಥೆ ನಿಂತಿದೆ.

ಅಕ್ಷರ, ಅಂಕಿಗಳಿಗಿಂತ ಮೊದಲು ಅಲ್ಲಿ ಕಲಿಸಿದ್ದು ಭಾವನೆಗಳ ಹೆಸರು. ಹೆದರಿಕೆ, ಒಂಟಿತನ, ಹೊಟ್ಟೆಕಿಚ್ಚು, ಬೇಸರ. ಹೆಸರು ಗೊತ್ತಿಲ್ಲದ ಸಂಕಟ ಮಗುವಿನಲ್ಲಿ ಹೊಡೆದಾಟವಾಗಿ ಹೊರಬರುತ್ತದೆ, ಇಲ್ಲವೆ ಮೌನವಾಗಿ ಒಳಗೇ ಉಳಿಯುತ್ತದೆ. ಹೊಟ್ಟೆಯ ಮೇಲೆ ಕೈಯಿಟ್ಟು ನಿಧಾನ ಉಸಿರೆಳೆದುಕೊಳ್ಳುವುದು, ಎಣಿಸುವುದು, ಚಿತ್ರ ಬರೆದು ಹೇಳುವುದು, ದೊಡ್ಡವರ ಬಳಿ ಹೋಗಿ ಕೇಳುವುದು, ಇವು ಆ ಬೊಂಬೆಗಳ ಪಾಠ. ಬಾಂಬು ಹಾಕುವವನನ್ನು ಬಿಟ್ಟು ಮಗುವಿಗೆ ಉಸಿರಾಡಲು ಕಲಿಸುತ್ತೀರಲ್ಲ ಎಂದು ಕೇಳಬಹುದು. ಕೇಳಲೇಬೇಕಾದ ಪ್ರಶ್ನೆ ಅದು. ಆದರೆ ಆ ಪ್ರಶ್ನೆಗೆ ಉತ್ತರ ಸಿಗುವವರೆಗೆ ಮಗು ನಾಲ್ಕು ವರ್ಷದ್ದಾಗಿಯೇ ಉಳಿಯುವುದಿಲ್ಲವಲ್ಲ.

ಇದರಿಂದ ಏನಾಯಿತು? ನ್ಯೂಯಾರ್ಕ್ ವಿಶ್ವವಿದ್ಯಾನಿಲಯದ ಸಂಶೋಧಕರು ಪರೀಕ್ಷಿಸಿ 2023ರಲ್ಲಿ ಫಲಿತಾಂಶ ಪ್ರಕಟಿಸಿದರು. ಜೋರ್ಡಾನಿನ ಶಿಶುವಿಹಾರಗಳಲ್ಲಿ ಹನ್ನೆರಡು ವಾರ ಕಾರ್ಯಕ್ರಮ ನೋಡಿದ ಮಕ್ಕಳು ಭಾವನೆಗಳನ್ನು ಹೆಚ್ಚು ಚೆನ್ನಾಗಿ ಗುರುತಿಸಿದರು. ಲೆಬನಾನಿನದು ಇನ್ನೂ ಅಚ್ಚರಿಯದು. ಹಣದ ಮೌಲ್ಯ ಕುಸಿದು, ಕರೆಂಟು ದಿನಕ್ಕೆ ಕೆಲವೇ ತಾಸು ಇದ್ದ ಆ ದೇಶದಲ್ಲಿ ಸಿರಿಯದ ನಿರಾಶ್ರಿತ ಕುಟುಂಬಗಳನ್ನು ಸಣ್ಣ ಗುಂಪುಗಳಾಗಿ ಮಾಡಿ, ಶಿಕ್ಷಕಿಯರು ಮೊಬೈಲ್ ಮೂಲಕ ತಾಯಿ ಮತ್ತು ಮಕ್ಕಳಿಗೆ ಹನ್ನೊಂದು ವಾರ ಪಾಠ ಮಾಡಿದರು. ಆ ಮಕ್ಕಳ ಕಲಿಕೆಯ ಪ್ರಗತಿ ಬೇರೆಡೆ ಒಂದು ವರ್ಷ ಶಿಶುವಿಹಾರಕ್ಕೆ ಹೋದ ಮಕ್ಕಳ ಪ್ರಗತಿಗೆ ಹೋಲಿಸುವಂತಿತ್ತು.

ಇದನ್ನು ಮೊಬೈಲಿನ ಮಹಿಮೆ ಎಂದು ಓದುವವರಿದ್ದಾರೆ. ನಾವು ಹಾಗೆ ಓದುವುದಿಲ್ಲ. ಅಲ್ಲಿ ಮೊಬೈಲಿನ ಆಚೆ ಒಬ್ಬ ಶಿಕ್ಷಕಿ ಇದ್ದಳು, ಈಚೆ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡ ತಾಯಿ ಇದ್ದಳು, ತನ್ನಂಥ ಬೇರೆ ತಾಯಂದಿರ ದನಿ ಅವಳ ಕಿವಿಗೆ ಬೀಳುತ್ತಿತ್ತು. ಕೋವಿಡ್ ಕಾಲದಲ್ಲಿ ನಮ್ಮ ರಾಜ್ಯದಲ್ಲೇ ನೋಡಲಿಲ್ಲವೆ? ಮನೆಗೊಂದೇ ಫೋನು, ಅದು ಅಪ್ಪನೊಂದಿಗೆ ಕೂಲಿಗೆ ಹೋಗುತ್ತಿತ್ತು. ಆನ್‌ಲೈನ್ ಪಾಠ ಎಷ್ಟೋ ಮನೆಗಳ ಹೊಸ್ತಿಲು ದಾಟಲಿಲ್ಲ. 2020ರಲ್ಲಿ ಸರಕಾರಿ ಶಾಲೆಯ ಶಿಕ್ಷಕರು 'ವಿದ್ಯಾಗಮ'ದ ಹೆಸರಿನಲ್ಲಿ ಮರದಡಿ, ಗುಡಿ ಮಸೀದಿಗಳ ಜಗಲಿಯಲ್ಲಿ ಮಕ್ಕಳನ್ನು ಕೂರಿಸಿಕೊಂಡಾಗಲೇ ಪಾಠ ಮತ್ತೆ ಮಕ್ಕಳ ಹತ್ತಿರ ಬಂದದ್ದು. ನಮ್ಮ ಆಕಾಶವಾಣಿಯ 'ಕೇಳಿ ಕಲಿ'ಯೂ ಅಷ್ಟೇ. ರೇಡಿಯೊ ಹಚ್ಚಿ, ಮಕ್ಕಳನ್ನು ಸುತ್ತ ಕೂರಿಸಿ, ನಡುವೆ ಪ್ರಶ್ನೆ ಕೇಳುವ ಮೇಷ್ಟ್ರು ಇದ್ದಲ್ಲಿ ಅದು ಪಾಠವಾಗುತ್ತಿತ್ತು, ಇಲ್ಲದಲ್ಲಿ ಬರೀ ಸದ್ದು.

ರೊಹಿಂಗ್ಯಾ ಮಕ್ಕಳ ವಿಷಯದಲ್ಲಿ ಕಷ್ಟ ಬೇರೆ ಬಗೆಯದು. 2017ರ ಆಗಸ್ಟ್‌ನಿಂದ ಏಳು ಲಕ್ಷಕ್ಕೂ ಮೀರಿ ಜನ ಮ್ಯಾನ್ಮಾರ್‌ನಿಂದ ಬಾಂಗ್ಲಾದೇಶದ ಕಾಕ್ಸ್ ಬಝಾರ್‌ಗೆ ಬಂದರು, ಅರ್ಧಕ್ಕಿಂತ ಹೆಚ್ಚು ಮಂದಿ ಮಕ್ಕಳು. ಅವರ ಭಾಷೆಗೆ ಎಲ್ಲರೂ ಓದುವಂಥ ಒಂದು ಲಿಪಿ ಬಳಕೆಯಲ್ಲಿಲ್ಲ. ಮ್ಯಾನ್ಮಾರ್ ಅವರನ್ನು ಪ್ರಜೆಗಳೆಂದು ಒಪ್ಪದು. ಬಾಂಗ್ಲಾ ಸರಕಾರ ಶಿಬಿರಗಳಲ್ಲಿ ಬಂಗಾಳಿ ಕಲಿಸಗೊಡದು, ಕಲಿತರೆ ಇಲ್ಲೇ ನೆಲೆಸಿಬಿಟ್ಟಾರು ಎಂಬ ಭಯ. ಹಾಗಾದರೆ ಯಾವ ಭಾಷೆಯಲ್ಲಿ ಕಲಿಸುವುದು? ಬಾಂಗ್ಲಾದ ಬ್ರಾಕ್ ಸಂಸ್ಥೆಯವರು ಅಕ್ಷರದ ಗೊಡವೆಗೆ ಹೋಗದೆ, ರೊಹಿಂಗ್ಯಾ ಅಜ್ಜಿಯರ ಬಾಯಲ್ಲಿದ್ದ ಶಿಶುಪ್ರಾಸಗಳನ್ನು ಸಂಗ್ರಹಿಸಿ ಆಟದ ಮನೆಗಳನ್ನು ಕಟ್ಟಿದರು. 2020ರ ಡಿಸೆಂಬರ್‌ನಲ್ಲಿ ನೂರ್ ಯಾಸ್ಮೀನ್, ಅಝೀಝ್ ಎಂಬ ಆರು ವರ್ಷದ ಅವಳಿ ಬೊಂಬೆಗಳು ಸೇರಿದವು, ಅವೂ ಶಿಬಿರದ ನಿವಾಸಿಗಳೇ, ಮಾತು ರೊಹಿಂಗ್ಯಾ. ಅಝೀಝ್‌ಗೆ ಕಥೆ ಹೇಳುವ ಹುಚ್ಚು. ಅದೇ ಶಿಬಿರಗಳಲ್ಲಿ 2019ರ ಸೆಪ್ಟೆಂಬರ್‌ನಿಂದ ಸುಮಾರು ಒಂದು ವರ್ಷ ಸರಕಾರ ಮೊಬೈಲ್ ಇಂಟರ್ನೆಟ್ ಕಡಿದಿತ್ತು ಎಂಬುದನ್ನೂ ಹೇಳಬೇಕು. ಕೋವಿಡ್ ಬಂದ ದಿನಗಳೂ ಅದರಲ್ಲಿ ಸೇರಿದ್ದವು.

ಇವೆಲ್ಲವನ್ನೂ ಕಟ್ಟಿದ್ದು ಹೊರಗಿನವರ ಹಣ. ಅದರ ಗತಿ ಏನೆಂದು 2012ರಲ್ಲಿ ರಾಮಲ್ಲಾದವರಿಗೆ ತಿಳಿದಿತ್ತು, 2025ರಲ್ಲಿ ಎಲ್ಲರಿಗೂ ತಿಳಿಯಿತು. ಇರಾಕಿನ ಮಕ್ಕಳಿಗಾಗಿ 'ಅಹ್ಲನ್ ಸಿಮ್‌ಸಿಮ್' ಯೋಜನೆಗೆ ಅಮೆರಿಕದ ನೆರವು ಸಂಸ್ಥೆ ಯುಎಸ್‌ಏಡ್ ಎರಡು ಕೋಟಿ ಡಾಲರ್ ಗೊತ್ತುಮಾಡಿತ್ತು. ಆ ವರ್ಷದ ಫೆಬ್ರವರಿಯಲ್ಲಿ ಅಮೆರಿಕದ ಸಂಸತ್ತಿನಲ್ಲಿ ಅದು ದುಂದುವೆಚ್ಚದ ದೊಡ್ಡ ಉದಾಹರಣೆಯಾಗಿ ನಗೆಪಾಟಲಿಗೆ ಈಡಾಯಿತು. ಇರಾಕಿಗೆ ಬೊಂಬೆಯಾಟವಂತೆ! ಜುಲೈ ಹೊತ್ತಿಗೆ ಯುಎಸ್‌ಏಡ್ ಎಂಬ ಸಂಸ್ಥೆಯೇ ಸ್ವತಂತ್ರವಾಗಿ ಉಳಿಯಲಿಲ್ಲ. ಒಂದು ಟೊಮಾಹಾಕ್ ಕ್ಷಿಪಣಿಗೆ ಸುಮಾರು ಇಪ್ಪತ್ತು ಲಕ್ಷ ಡಾಲರ್. 2003ರಲ್ಲಿ ಬಗ್ದಾದ್‌ನ ಮೇಲೆ ಅವು ಬಿದ್ದ ಮೊದಲ ರಾತ್ರಿಗಳಲ್ಲಿ ಲೆಕ್ಕ ಕೇಳಿ ನಕ್ಕವರು ನಮಗೆ ನೆನಪಿಲ್ಲ. ಹತ್ತು ಕ್ಷಿಪಣಿಗಳ ಬೆಲೆಗೆ ಒಂದು ದೇಶದ ಶಿಶುಗಳ ಪಾಠ ದುಬಾರಿಯಾಯಿತು.

ಅರಬ್ ಜಗತ್ತಿನ ಸಿರಿವಂತ ಸರಕಾರಗಳಿಗೆ ಈ ಖರ್ಚು ದೊಡ್ಡದೇನಲ್ಲ. 1979ರಲ್ಲಿ ಕೊಲ್ಲಿಯ ಏಳು ದೇಶಗಳು ತಮ್ಮ ಮಕ್ಕಳಿಗೆ ತಮ್ಮ ಹಣದಿಂದಲೇ ಬಾಗಿಲು ತೆರೆದಿದ್ದವು. ಫೆಲೆಸ್ತೀನ್‌ನ, ಸಿರಿಯದ, ಸುಡಾನಿನ ಮಕ್ಕಳಿಗಾಗಿ ಅದೇ ಕೈಗಳು ಅದೇ ಹುರುಪಿನಿಂದ ಮತ್ತೆ ಏಕೆ ಸೇರಲಿಲ್ಲ ಎಂದು ನಾವು ಕೇಳಬೇಕಾಗಿದೆ. ಗಾಝಾದಲ್ಲಿ 2023ರ ಅಕ್ಟೋಬರ್ ನಂತರ ಶಾಲೆ ಕಳೆದುಕೊಂಡ ಮಕ್ಕಳು ಆರು ಲಕ್ಷ ಇಪ್ಪತ್ತೈದು ಸಾವಿರ ಎಂದು ಯುನಿಸೆಫ್ ಲೆಕ್ಕ ಕೊಟ್ಟಿತು. ಶಾಲೆಯ ವಯಸ್ಸಿಗೆ ಬಾರದ ಕೂಸುಗಳು ಅದರಲ್ಲಿಲ್ಲ. ಕರೆಂಟಿಲ್ಲದ, ಟವರ್ ಉರುಳಿದ ಜಾಗದಲ್ಲಿ ಯಾವ ಬೊಂಬೆಯನ್ನು ಯಾವ ಪರದೆಯ ಮೇಲೆ ತೋರಿಸುವುದು? ಅಲ್ಲಿ ಗುಡಾರದೊಳಗೆ ಮಕ್ಕಳನ್ನು ಕೂರಿಸಿ ಪಾಠ ಮಾಡಿದವರು ತಾವೂ ಮನೆ ಕಳೆದುಕೊಂಡಿದ್ದ ಶಿಕ್ಷಕರು.

2024ರ ಡಿಸೆಂಬರ್‌ನಲ್ಲಿ ಅಸದ್ ಸರಕಾರ ಬಿದ್ದ ಮೇಲೆ ಸಿರಿಯನ್ನರು ಲಕ್ಷಗಟ್ಟಲೆ ಊರಿಗೆ ಮರಳತೊಡಗಿದರು. ಝಅತರಿ ಶಿಬಿರ ತೆರೆದದ್ದು 2012ರಲ್ಲಿ. ಅಲ್ಲಿ ಹುಟ್ಟಿದ ಮಕ್ಕಳಲ್ಲಿ ಹಿರಿಯರಿಗೆ ಈಗ ಹದಿಮೂರು ದಾಟಿದೆ. ಅಪ್ಪ ಅಮ್ಮ 'ನಮ್ಮೂರು' ಎಂದು ಹೇಳುತ್ತಿದ್ದ ಊರನ್ನು ಅವರು ಮೊದಲ ಬಾರಿಗೆ ನೋಡುತ್ತಿದ್ದಾರೆ. ಜಾದ್‌ನನ್ನು ನೋಡಿ ಬೆಳೆದವರ ತಮ್ಮ ತಂಗಿಯರು ಈಗ ಮೂರು, ನಾಲ್ಕು ವರ್ಷದವರು. ಈಗ ಅವರೂ ಹೊಸ ಓಣಿಗೆ ಬಂದವರೇ.